ನೆಟ್ ಇಲ್ಲ ಅಂದ್ರೆ ಎಲ್ಲಿವರೆಗೆ ಇಲ್ಲ?

(ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ನೆಟ್ ಬರದಿದ್ರೆ ತಪ್ಪು ಎಲ್ಲಿದೆ ಅಂತ ಹುಡುಕೂದರ ಬಗ್ಗೆ ಶಿರಸಿಯಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದು ಇದು. ಲಿನಕ್ಸ್ ಅಂದ್ರೆ ವಿಂಡೋಸಿನ ಹಾಗೆ ಇನ್ನೊಂದು ಓಎಸ್. ಬರೋಕೆ ಆಗದವರು ಕೇಳಿದ್ರು ಅಂತ ಟೈಪ್ ಮಾಡಿದ್ದೇನೆ, ಹೆಚ್ಚೇನೂ ತಿದ್ದಿಲ್ಲ, ಮಧ್ಯೆ ಬಂದ ಪ್ರಶ್ನೆಗಳೂ ಹಾಗೇ ಇವೆ. ಕಮಾಂಡುಗಳನ್ನ ಕನ್ನಡದಲ್ಲೇ ಬರ್ದಿದ್ದೇನೆ, ಟರ್ಮಿನಲ್ಲಿನಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿಯಲ್ಲಿ, ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ ಮಾರಾಯ್ರೆ, ಖುರ್ಚಿ ಖಾಲಿ ಇದೆ, ಪರದೆ ಮೇಲಿನ ಸಣ್ಣ ಅಕ್ಷರ ಅಲ್ಲಿಂದ ಕಾಣೂದಿಲ್ಲ.

ನಂಗೆ ಫೋನ್ ಬರೂದೆಲ್ಲ ಒಂದೇ ವಾಕ್ಯದಲ್ಲಿ, "ಲಿನಕ್ಸ್ ಹಾಕಿದ ಮೇಲೆ ನೆಟ್ ಇಲ್ಲ". ನಾನು ತಿರುಗಿ ಕೇಳೂದೂ ಒಂದೇ, ಎಲ್ಲಿವರೆಗೆ ಇದೆ, ಎಲ್ಲಿಂದ ಇಲ್ಲ? ಆಚೆಯಿಂದ ಮೌನ. ನಮ್ಮ ಕಡೆ ಹಳೇ ಮನೆಗಳಿಗೆ ಗುಡ್ಡದ ಮೇಲಿಂದ ಅಬ್ಬಿ ನೀರು ಬರ್ತದಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಬಚ್ಚಲಲ್ಲಿ ನೀರಿಲ್ಲ ಅಂದ್ರೆ ಯಾರೂ ಹೊಸ ನಲ್ಲಿ ತರೋಕೆ ಪೇಟೆಗೆ ಹೋಗೂದಿಲ್ಲ, ಪೈಪಿನ ಗುಂಟ ಹತ್ತಿ ಎಲ್ಲಿವರೆಗೆ ನೀರು ಬಂದಿದೆ ನೋಡ್ತಾರೆ. ಕಂಪ್ಯೂಟರ್ ವಿಷಯ ಬಂದಾಗ ಮಾತ್ರ ನಾವೆಲ್ಲ ಸೀದಾ ನಲ್ಲಿ ಬಿಚ್ಚೋಕೆ ಹೋಗ್ತೇವೆ. ರೌಟರ್ ಆಫ್ ಮಾಡಿ ಆನ್ ಮಾಡೂದು, ಇಂಟರ್ನೆಟ್ಟಲ್ಲಿ ಸಿಕ್ಕ ಯಾವುದೋ ಕಮಾಂಡ್ ಅಂಟಿಸೂದು, ಅದೂ ಆಗ್ಲಿಲ್ಲ ಅಂದ್ರೆ ಓಎಸ್ಸೇ ಮತ್ತೆ ಹಾಕೂದು. ರೀಸ್ಟಾರ್ಟಿನಿಂದ ಎಷ್ಟೋ ಸಲ ಸರಿ ಆಗ್ತದೆ, ನಿಜ, ಆದ್ರೆ ಎಂತ ಆಗಿತ್ತು ಅನ್ನೂದಕ್ಕೆ ಇದ್ದ ಸಾಕ್ಷಿಯೂ ಅದರ ಜೊತೆಗೇ ಹೋಗ್ತದೆ, ನಾಡಿದ್ದು ಮತ್ತೆ ಅದೇ ಕತೆ.

ಹಾಗಾಗಿ ಇವತ್ತು ಕೆಳಗಿಂದ ಮೇಲೆ ಹತ್ತುವ. ನೆಟ್‌ವರ್ಕ್ ಕಾರ್ಡು ಕಂಪ್ಯೂಟರಿಗೆ ಕಾಣ್ತದಾ, ವಯರಿನ ಕೊಂಡಿ ಕೂತಿದೆಯಾ, ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಗುರುತಿನ ನಂಬರ್, ಅಂದ್ರೆ ಐಪಿ ಅಡ್ರೆಸ್, ಸಿಕ್ಕಿದೆಯಾ, ರೌಟರಿನವರೆಗೆ ಹೋಗ್ತದಾ, ರೌಟರ್ ದಾಟಿ ಹೊರಗೆ ಹೋಗ್ತದಾ, ಕೊನೆಗೆ ಹೆಸರು ಹೇಳಿದ್ರೆ ಅದರ ನಂಬರ್ ಹುಡುಕಿಕೊಡ್ತದಾ. ಇಷ್ಟೇ. ಒಂದು ಮೆಟ್ಟಿಲು ಗಟ್ಟಿ ಆಗದೆ ಮುಂದಿನದಕ್ಕೆ ಕಾಲಿಡಬೇಡಿ.

ಟರ್ಮಿನಲ್ ತೆಗೆಯೋ ಮೊದಲು ಫೈಬರ್ ಡಬ್ಬಿ ಮೇಲೆ ಒಂದು ಕಣ್ಣು ಹಾಕಿ. ಪಾನ್ ಅಂತ ಬರೆದ ದೀಪ ಹಸಿರು ನಿಂತಿರಬೇಕು. ಎಲ್ಒಎಸ್ ಅನ್ನೂದು ಕೆಂಪು ಮಿಣಕ್ತಾ ಇದ್ರೆ ಹೊರಗಿಂದ ಬೆಳಕೇ ಬರ್ತಿಲ್ಲ, ಎಲ್ಲೋ ಮರ ಬಿದ್ದಿದೆ ಅಥವಾ ಜೆಸಿಬಿ ಹಲ್ಲು ತಾಗಿದೆ. ಅಲ್ಲಿಗೆ ಲಿನಕ್ಸಿಗೂ ಅದಕ್ಕೂ ಸಂಬಂಧ ಇಲ್ಲ, ಕಂಪ್ಲೇಂಟ್ ಕೊಟ್ಟು ಚಾ ಕುಡೀರಿ.

ಈಗ ಕಂಪ್ಯೂಟರ್. "ಐಪಿ ಲಿಂಕ್" ಅಂತ ಹೊಡೀರಿ. ಹಳಬರು ಇನ್ನೂ ಇಫ್‌ಕಾನ್ಫಿಗ್ ಅಂತಾರೆ, ಈಗಿನ ಸುಮಾರು ಡಿಸ್ಟ್ರೋಗಳಲ್ಲಿ, ಅಂದ್ರೆ ಲಿನಕ್ಸಿನ ಬಗೆಗಳಲ್ಲಿ, ಅದು ಮೊದಲಿಂದ ಇರೂದೇ ಇಲ್ಲ, ಕಮಾಂಡ್ ನಾಟ್ ಫೌಂಡ್ ಅಂದ್ರೆ ಗಾಬರಿ ಬೇಡ. ಪಟ್ಟಿಯಲ್ಲಿ ಲೋ ಅಂತ ಒಂದಿರ್ತದೆ, ಅದು ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳೂದು, ಬಿಡಿ. ಇಎನ್ ಅಂತ ಶುರು ಆಗೂದು ವಯರು, ಡಬ್ಲ್ಯೂಎಲ್ ಅಂತ ಶುರು ಆಗೂದು ವೈಫೈ. ವಯರಿನ ಸಾಲಲ್ಲಿ ನೋ-ಕ್ಯಾರಿಯರ್ ಅಂತ ಕಂಡ್ರೆ ಆಚೆ ತುದಿಯಿಂದ ಎಂತದೂ ಬರ್ತಿಲ್ಲ ಅಂತ ಅರ್ಥ. ಲೋವರ್-ಅಪ್ ಅಂತ ಇದ್ರೆ ಕೊಂಡಿ ಕೂತಿದೆ. ಈ ಒಂದು ಶಬ್ದ ನೋಡದೆ ಸೆಟ್ಟಿಂಗ್ಸಿನಲ್ಲಿ ಗಂಟೆಗಟ್ಟಲೆ ಕೂತವರನ್ನ ನಾನು ಸಾಕಷ್ಟು ನೋಡಿದ್ದೇನೆ, ಕೊನೆಗೆ ನೋಡಿದ್ರೆ ಕಸ ಗುಡಿಸುವಾಗ ಪ್ಲಗ್ ಅರ್ಧ ಹೊರಗೆ ಬಂದಿರ್ತದೆ, ಆ ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಎಂದೋ ಮುರಿದು ಹೋಗಿರ್ತದೆ.

ಕೊಂಡಿ ಕೂತಿದೆ ಆದ್ರೆ ಸ್ಪೀಡ್ ಇಲ್ಲ ಅನ್ನೂದು ಬೇರೆ ಕತೆ, ಕುಮಟಾ ಹೊನ್ನಾವರ ಕಾರವಾರದವರು ಸ್ವಲ್ಪ ಕಿವಿಗೊಡಿ. ಲ್ಯಾನ್ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್, ಅಂದ್ರೆ 1000 ಎಂಬಿಪಿಎಸ್, ಬೇಕು ಅಂದ್ರೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, 1, 2, 3, 6 ನಂಬರಿನ ಪಿನ್ನು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಸತ್ತು ಹೋದ್ರೆ ನೆಟ್ ಸಾಮಾನ್ಯವಾಗಿ ನಿಲ್ಲೂದಿಲ್ಲ, ಮೆತ್ತಗೆ 100ಕ್ಕೆ ಇಳೀತದೆ, ನೀವು 200, 300 ಎಂಬಿಪಿಎಸ್ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ 90ರ ಆಸುಪಾಸು ನೋಡ್ತಾ ಕಂಪನಿಯವರನ್ನ ಬೈತಾ ಇರ್ತೀರಿ. "ಸುಡೋ ಇಥ್‌ಟೂಲ್" ಅಂತ ಹೊಡೆದು ಮುಂದೆ ಕಾರ್ಡಿನ ಹೆಸರು ಹಾಕಿ. ಸ್ಪೀಡ್ ಅನ್ನೋ ಸಾಲಲ್ಲಿ 1000 ಇರಬೇಕು. 100 ಇದ್ದು, ಎರಡೂ ಕಡೆಯ ಪೋರ್ಟು ಗಿಗಾಬಿಟ್ಟಿನದೇ ಅಂತ ಗ್ಯಾರಂಟಿ ಇದ್ರೆ ತಪ್ಪು ಬಹುತೇಕ ಕೇಬಲ್ಲಿನದ್ದೇ. ಕಡಲ ಬದಿಯಲ್ಲಿ ಉಪ್ಪಿನ ಗಾಳಿ, ಮಳೆಗಾಲದ ತಿಂಗಳುಗಳಲ್ಲಿ ಗೋಡೆಯೇ ಬೆವರ್ತದೆ, ಪ್ಲಗ್ಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರ್ತದೆ. ಪ್ಲಗ್ ಕಿತ್ತು ಬೆಳಕಿಗೆ ಹಿಡಿದು ನೋಡಿ, ಬರಿಗಣ್ಣಿಗೇ ಕಾಣ್ತದೆ. ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಿ. ಬಣ್ಣದ ಕ್ರಮ ಬರ್ಕೊಳ್ಳಿ, ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ನೀಲಿ ಜೋಡಿ ಹಸಿರಿನ ಮಧ್ಯೆ ಬರ್ತದೆ ಅನ್ನೂದೇ ಎಲ್ಲರೂ ಎಡವೋ ಜಾಗ.

ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ, ಸಿಡಿಲಿನ ಕಾಟ. ಮನೆಯಿಂದ ಅಡಿಕೆ ಸುಲಿಯೋ ಶೆಡ್ಡಿಗೆ ಹೊರಗಿಂದ ತಂತಿ ಎಳೆದ ಹಾಗೆ ಲ್ಯಾನ್ ಕೇಬಲ್ ಎಳೀತಾರೆ, ಅಂಗಳದ ಮೇಲೆ ಮರದಿಂದ ಮರಕ್ಕೆ. ಸಿಡಿಲು ಅದರ ಮೇಲೇ ಬೀಳಬೇಕು ಅಂತಿಲ್ಲ, ಹತ್ತಿರ ಎಲ್ಲೋ ಬಿದ್ರೂ ಆ ಉದ್ದ ತಾಮ್ರದಲ್ಲಿ ಕರೆಂಟು ಹುಟ್ಟಿ ಎರಡೂ ತುದಿಯ ಪೋರ್ಟ್ ಸುಡ್ತದೆ. ಹೊರಗೆ ಹೋಗೋ ದಾರಿಗೆ ಫೈಬರ್ ಹಾಕಿ ಎರಡೂ ಕಡೆ ಫೈಬರಿನ ಬೆಳಕನ್ನ ಲ್ಯಾನಿಗೆ ಬದಲಿಸೋ ಮೀಡಿಯಾ ಕನ್ವರ್ಟರ್ ಕೂರಿಸಿ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯೂದಿಲ್ಲ, ಮತ್ತೆ ತಾಮ್ರದ ಲ್ಯಾನಿಗೆ 100 ಮೀಟರಿನ ಮಿತಿ ಇದೆಯಲ್ಲ, ಆ ತಲೆಬಿಸಿಯೂ ತಪ್ತದೆ. ಪೋರ್ಟ್ ಸುಟ್ಟು ಹೋದ ಪಿಸಿ ಬಿಸಾಡಬೇಡಿ. ಯುಎಸ್‌ಬಿಯಿಂದ ಲ್ಯಾನಿಗೆ ಹೋಗೋ ಸಣ್ಣ ಅಡಾಪ್ಟರ್ ಸಿಗ್ತದೆ, ಸಾಮಾನ್ಯವಾಗಿ ಸಿಗೋ ಚಿಪ್ಪುಗಳ ಡ್ರೈವರ್ ಕರ್ನಲ್ಲಿನಲ್ಲೇ, ಅಂದ್ರೆ ಲಿನಕ್ಸಿನ ತಿರುಳಲ್ಲೇ, ಇದೆ, ಚುಚ್ಚಿದ ಕೂಡ್ಲೇ ನಡೀತದೆ.

ಇಲ್ಲಿ ಮುಂದಿನ ಸಾಲಲ್ಲಿ ಕೂತ ಅಕ್ಕ ಒಬ್ರು ಕೇಳಿದ್ರು, "ಸರ್, ನಮ್ ಆಫೀಸಲ್ಲಿ ಕೆಲವು ಕಂಪ್ಯೂಟರಿಗೆ ನೆಟ್ ಬರ್ತದೆ, ಕೆಲವಕ್ಕೆ ಬರೂದಿಲ್ಲ, ಮಾರನೇ ದಿನ ಉಲ್ಟಾ, ಇದೆಂತ ಭೂತ?" ಅಕ್ಕ, ಒಳಗಿನ ಕೋಣೆಗೆ ವೈಫೈ ಸಿಗೂದಿಲ್ಲ ಅಂತ ಯಾರೋ ಹಳೇ ರೌಟರ್ ತಂದು ಜೋಡಿಸಿದ್ದಾರಾ ಅಂತ ಕೇಳಿದೆ. ಹೌದಂತೆ, ಮ್ಯಾನೇಜರರ ಮಗ. ಸಿಕ್ತು ಭೂತ.

ಕಂಪ್ಯೂಟರ್ ಆನ್ ಆದಾಗ ನಂಗೊಂದು ಅಡ್ರೆಸ್ ಕೊಡಿ ಅಂತ ಇಡೀ ನೆಟ್‌ವರ್ಕಿಗೇ ಕೇಳೋ ಹಾಗೆ ಕೂಗ್ತದೆ, ಕೊಡೋನಿಗೆ ಡಿಎಚ್‌ಸಿಪಿ ಸರ್ವರ್ ಅಂತಾರೆ, ಮನೆಗಳಲ್ಲಿ ಅದು ರೌಟರಿನೊಳಗೇ ಇರ್ತದೆ. ಕೊಡೋರು ಇಬ್ಬರಾದ್ರೆ ಯಾರು ಮೊದಲು ಉತ್ತರ ಕೊಟ್ರೋ ಸಾಮಾನ್ಯವಾಗಿ ಅವರದ್ದೇ ಅಡ್ರೆಸ್. ಎರಡನೇ ರೌಟರಿನ ಲ್ಯಾನ್ ಪೋರ್ಟಿಗೆ ಸೀದಾ ವಯರ್ ಚುಚ್ಚಿ ಅದರ ಡಿಎಚ್‌ಸಿಪಿ ಬಂದ್ ಮಾಡದೆ ಬಿಟ್ರೆ, ಅದು ಹೊರಗಿನ ದಾರಿ ನನ್ನ ಮೂಲಕ ಅಂತ ಹೇಳಿ ಜನರನ್ನ ಕರೀತದೆ, ಅದರ ಹಿಂದೆ ದಾರಿಯೇ ಇಲ್ಲ. ನೋಡೂದು ಹೇಗೆ ಅಂದ್ರೆ ನೆಟ್ ಇರೋ ಮಷೀನಲ್ಲೂ ಇಲ್ಲದ ಮಷೀನಲ್ಲೂ "ಐಪಿ ರೂಟ್" ಹೊಡೀರಿ. ಡಿಫಾಲ್ಟ್ ವಯಾ ಅಂತ ಶುರು ಆಗೋ ಸಾಲು ನೋಡಿ, ಹೊರಗಿನ ದಾರಿ ಅದು. ಒಂದರಲ್ಲಿ 192.168.1.1, ಇನ್ನೊಂದರಲ್ಲಿ 192.168.0.1 ಅಂತ ಕಂಡ್ರೆ ಕೊಡೋರು ಇಬ್ಬರಿದ್ದಾರೆ ಅಂತಾಯ್ತು. ಆಮೇಲೆ "ಐಪಿ ನೇಬರ್" ಅಂದ್ರೆ ಆ ಎರಡನೇ ಪೆಟ್ಟಿಗೆಯ ಮ್ಯಾಕ್ ಅಡ್ರೆಸ್ಸೂ, ಅಂದ್ರೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ನಂಬರೂ, ಸಿಗ್ತದೆ, ಅದರ ಮೊದಲರ್ಧದಲ್ಲಿ ಸಾಮಾನ್ಯವಾಗಿ ಕಂಪನಿ ಯಾವುದು ಅಂತ ಗೊತ್ತಾಗ್ತದೆ, ಯಾವ ಕೋಣೆಯ ಯಾವ ಡಬ್ಬಿ ಅಂತ ಹುಡುಕೋಕೆ ಸುಲಭ. ಆ ರೌಟರ್ ತೆಗೆಯೂದು ಬೇಡ, ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ಅಡ್ರೆಸ್ ಒಂದನ್ನ ಮೊದಲಿನದರ ಸಾಲಿಗೆ ಬದಲಿಸಿ, ವೈಫೈ ಮಾತ್ರ ಕೊಡ್ತಾ ಇರ್ತದೆ.

ಅಡ್ರೆಸ್ಸೇ ಸಿಗದಿದ್ರೆ "ಐಪಿ ಎ" ಅಂದಾಗ ಇನೆಟ್ ಅಂತ ಶುರು ಆಗೋ ಸಾಲೇ ಇರೂದಿಲ್ಲ, ಅಥವಾ 169.254 ಅಂತ ಶುರು ಆಗೋ ನಂಬರ್ ಕಾಣ್ತದೆ. ಯಾರೂ ಕೊಡ್ಲಿಲ್ಲ, ನಾನೇ ಒಂದು ಇಟ್ಕೊಂಡೆ ಅಂತ ಅದರ ಅರ್ಥ. ಪ್ರಿಂಟರಿಗೆ ಕೈಯಾರೆ ಅಡ್ರೆಸ್ ಕೊಡೋರು, ರೌಟರ್ ಹಂಚೋ ನಂಬರುಗಳ ಒಳಗೇ ಕೊಡಬೇಡಿ, ಒಂದಲ್ಲ ಒಂದು ದಿನ ಯಾರದ್ದೋ ಮೊಬೈಲಿಗೆ ಅದೇ ನಂಬರ್ ಹೋಗಿ ಕೂರ್ತದೆ. ರೌಟರಿನಲ್ಲೇ ರಿಸರ್ವೇಶನ್ ಅಂತ ಇರ್ತದೆ, ಅಲ್ಲಿ ಹಾಕಿ.

ಸಿದ್ದಾಪುರ ಕಡೆಯ ಸೊಸೈಟಿಯಲ್ಲಿ ಕೆಲಸ ಮಾಡೋ ತಮ್ಮನ ಪ್ರಶ್ನೆ ನಂಗೆ ಎಲ್ಲದಕ್ಕಿಂತ ಹಿಡಿಸ್ತು. ಬಿಲ್ಲಿಂಗಿಗೆ ವಯರಿನ ಲ್ಯಾನ್ ಇದೆ, ಅದರಲ್ಲಿ ಇಂಟರ್ನೆಟ್ ಇಲ್ಲ, ಬೇಕಂತಲೇ ಕೊಟ್ಟಿಲ್ಲ. ಇವನು ತುರ್ತಿಗೆ ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ ವೈಫೈ ಸೇರ್ತಾನೆ. ವೈಫೈ ಕನೆಕ್ಟೆಡ್ ಅಂತ ತೋರಿಸ್ತದೆ, ಒಂದು ಪುಟವೂ ತೆರೆಯೂದಿಲ್ಲ. ವಯರ್ ಕಿತ್ತ ಕೂಡ್ಲೇ ನೆಟ್ ಬರ್ತದೆ, ಬಿಲ್ಲಿಂಗ್ ಹೋಗ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ಐಪಿ ರೂಟಿನಲ್ಲಿ ಎರಡು ಡಿಫಾಲ್ಟ್ ಸಾಲು ಕಾಣ್ತದೆ, ಕೊನೆಯಲ್ಲಿ ಮೆಟ್ರಿಕ್ ಅಂತ ಒಂದು ಸಂಖ್ಯೆ, ನೆಟ್‌ವರ್ಕ್ ಮ್ಯಾನೇಜರ್ (ಲಿನಕ್ಸಿನಲ್ಲಿ ಕನೆಕ್ಷನ್ ನೋಡ್ಕೊಳ್ಳೋ ಪ್ರೋಗ್ರಾಂ) ವಯರಿಗೆ ಸಾಮಾನ್ಯವಾಗಿ 100 ಕೊಡ್ತದೆ, ವೈಫೈಗೆ 600. ಕಡಿಮೆ ಇದ್ದವರಿಗೆ ಮೊದಲ ಮರ್ಯಾದೆ. ಹಾಗಾಗಿ ಹೊರಗಿನ ಮಾತೆಲ್ಲ ವಯರಿಗೇ ಹೋಗ್ತದೆ, ಅಲ್ಲಿ ಬಾಗಿಲು ಮುಚ್ಚಿದೆ. ವಯರಿನ ಕನೆಕ್ಷನ್ನಿನ ಸೆಟ್ಟಿಂಗ್ಸಿಗೆ ಹೋಗಿ ಐಪಿವಿ4 ಪುಟದ ಕೆಳಗೆ, ಈ ಕನೆಕ್ಷನ್ ಅದರ ನೆಟ್‌ವರ್ಕಿನವರಿಗೆ ಮಾತ್ರ ಅಂತ ಅರ್ಥ ಬರೋ ಒಂದು ಚೌಕ ಇದೆ, ಟಿಕ್ ಹಾಕಿ. ಕಮಾಂಡಲ್ಲಿ ಮಾಡೋರಿಗೆ ಎನ್‌ಎಂಸಿಎಲ್‌ಐಯಲ್ಲಿ ನೆವರ್-ಡಿಫಾಲ್ಟ್ ಅಂತ ಅದರ ಹೆಸರು. ಬಿಲ್ಲಿಂಗ್ ವಯರಲ್ಲಿ, ಬ್ರೌಸರ್ ವೈಫೈಯಲ್ಲಿ, ಎರಡೂ ಒಟ್ಟಿಗೆ ನಡೀತದೆ. ಆಫೀಸಿನ ಲ್ಯಾನನ್ನ ಬೇಕಂತಲೇ ಹೊರಗಿಂದ ದೂರ ಇಟ್ಟಿದ್ದು ಅಂತಾದ್ರೆ ಹೀಗೆ ಒಂದೇ ಮಷೀನಲ್ಲಿ ಎರಡನ್ನ ಸೇರಿಸೂದು ಸರಿಯಾ ಅಂತ ಮೇಲಿನವರನ್ನ ಒಂದು ಮಾತು ಕೇಳು ಮಾರಾಯ, ಅಷ್ಟು ಹೇಳೂದು ನನ್ನ ಕರ್ತವ್ಯ.

ರೌಟರ್ ದಾಟ್ತಾ ಅಂತ ನೋಡೋಕೆ ಮೊದಲು ರೌಟರಿನ ನಂಬರಿಗೆ ಪಿಂಗ್, ಅಂದ್ರೆ ಇದ್ದೀಯಾ ಅಂತ ಕೂಗಿ ಉತ್ತರ ಬರ್ತದಾ ನೋಡೂದು, ಆಮೇಲೆ ಹೊರಗೆ ಗೂಗಲ್ಲಿನ 8.8.8.8ಕ್ಕೆ ಪಿಂಗ್. ನಂಬರಿಗೆ ಉತ್ತರ ಬರ್ತದೆ, ಹೆಸರು ಹೊಡೆದ್ರೆ ಬರೂದಿಲ್ಲ ಅಂದ್ರೆ ತಪ್ಪಿರೂದು ಹೆಸರಿನ ನಂಬರ್ ಹುಡುಕಿಕೊಡೋ ಕಡೆ, ಅದೇ ಡಿಎನ್‌ಎಸ್. ಇಲ್ಲಿ ನಂಗೆ ಸ್ವಲ್ಪ ಸಿಟ್ಟಿದೆ. ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲಲ್ಲಿ 8.8.8.8 ಬರೀರಿ ಅಂತ ಇಂಟರ್ನೆಟ್ ತುಂಬಾ ಇದೆ. ಬರೀತೀರಿ, ಸರಿ ಆಗ್ತದೆ, ರೀಸ್ಟಾರ್ಟ್ ಮಾಡಿದ್ರೆ ಅಳಿಸಿ ಹೋಗ್ತದೆ, ಯಾಕಂದ್ರೆ ಈಗಿನ ಉಬುಂಟುವಿನಂಥ ಲಿನಕ್ಸಿನಲ್ಲಿ ಆ ಫೈಲು ಬರೇ ಇನ್ನೊಂದು ಫೈಲಿಗೆ ಹೋಗೋ ಕೊಂಡಿ, ಸಿಸ್ಟಮ್‌ಡಿ-ರಿಸಾಲ್ವ್‌ಡಿ ಅನ್ನೋದು ಅದನ್ನ ತಾನೇ ಬರೀತದೆ, ಒಳಗೆ 127.0.0.53 ಅಂತ ಕಾಣ್ತದಲ್ಲ, ಅದು ತಪ್ಪಲ್ಲ, ಅದು ಅದರದ್ದೇ ನಂಬರು. ಅಳಿಸಿ ಹೋಗ್ತದೆ ಅಂತ ಇನ್ನೊಬ್ಬ ಬುದ್ಧಿವಂತ ಆ ಫೈಲನ್ನ ಯಾರೂ ಮುಟ್ಟದ ಹಾಗೆ ಲಾಕ್ ಮಾಡೋ ಕಮಾಂಡ್ ಹೇಳಿರ್ತಾನೆ. ಮಾಡ್ಬೇಡಿ. ಆರು ತಿಂಗಳ ಮೇಲೆ ಆಫೀಸಿನ ವಿಪಿಎನ್, ಅಂದ್ರೆ ಹೊರಗಿಂದ ಆಫೀಸಿನ ನೆಟ್‌ವರ್ಕಿಗೆ ಸೇರೋ ಗುಪ್ತ ದಾರಿ, ಹಾಕಿದಾಗ ಒಳಗಿನ ಹೆಸರು ಒಂದೂ ತೆರೆಯೂದಿಲ್ಲ, ಲಾಕ್ ಮಾಡಿದವ ಅಷ್ಟೊತ್ತಿಗೆ ಬೆಂಗ್ಳೂರಲ್ಲಿ ಕೆಲಸಕ್ಕೆ ಸೇರಿರ್ತಾನೆ. "ರಿಸಾಲ್ವ್‌ಸಿಟಿಎಲ್ ಸ್ಟೇಟಸ್" ಅಂತ ಹೊಡೆದು ಯಾವ ಕಾರ್ಡಿಗೆ ಯಾವ ಡಿಎನ್‌ಎಸ್ ಇದೆ ನೋಡಿ, ಬದಲಿಸಬೇಕು ಅಂದ್ರೆ ಕನೆಕ್ಷನ್ ಸೆಟ್ಟಿಂಗ್ಸಿನಲ್ಲೇ ಬದಲಿಸಿ, ಅಲ್ಲಿ ಹಾಕಿದ್ದು ಉಳೀತದೆ.

ಒಂದು ವಿಚಿತ್ರ ಕೇಸ್ ಹೇಳ್ತೇನೆ, ಸರ್ವರ್ ಇಟ್ಕೊಂಡವರಿಗೆ ಬೇಕಾಗ್ತದೆ. ಹೊಸ ಎಸ್‌ಎಸ್‌ಡಿಯೋ ಗ್ರಾಫಿಕ್ಸ್ ಕಾರ್ಡೋ ಹಾಕಿ ಮುಚ್ಚಳ ಮುಚ್ಚಿದ್ರು, ನೆಟ್ ಹೋಯ್ತು. ಲ್ಯಾನ್ ಕಾರ್ಡಿಗೆ ಯಾರೂ ಕೈ ಹಾಕಿಲ್ಲ. ಮೊದಲೆಲ್ಲ ಕಾರ್ಡಿನ ಹೆಸರು ಇಟಿಎಚ್0 ಅಂತಿತ್ತು, ಸಿಸ್ಟಮ್‌ಡಿ ಅನ್ನೋ ಲಿನಕ್ಸಿನ ಮೂಲ ಪ್ರೋಗ್ರಾಂ 2013ರಲ್ಲಿ ಹೆಸರಿಡೋ ಕ್ರಮ ಬದಲಿಸ್ತು, ಕಾರ್ಡು ಬೋರ್ಡಿನ ಯಾವ ಜಾಗದಲ್ಲಿದೆ ಅನ್ನೂದರ ಮೇಲೆ ಹೆಸರು. ಇಎನ್‌ಪಿ3ಎಸ್0 ಅಂದ್ರೆ ಮೂರನೇ ಪಿಸಿಐ ಬಸ್ಸು, ಸೊನ್ನೆ ಸ್ಲಾಟು. ಹೊಸ ಕಾರ್ಡ್ ಬಂದಾಗ ಬಸ್ಸಿನ ಎಣಿಕೆ ಒಂದು ಮುಂದೆ ಹೋಗಿ ಅದೇ ಕಾರ್ಡು ಇಎನ್‌ಪಿ4ಎಸ್0 ಆಗಬಹುದು. ನೆಟ್‌ಪ್ಲಾನ್ ಅನ್ನೋ, ನೆಟ್ ಸೆಟ್ಟಿಂಗ್ ಬರೆದಿಡೋ ಫೈಲಿನಲ್ಲಿ ಇನ್ನೂ ಮೂರು ಅಂತಲೇ ಇದೆ. ಐಪಿ ಲಿಂಕಲ್ಲಿ ಕಾಣೋ ಹೆಸರೂ ಫೈಲಲ್ಲಿ ಇರೋ ಹೆಸರೂ ಒಂದೇನಾ ಅಂತ ಅಕ್ಷರ ಅಕ್ಷರ ತಾಳೆ ನೋಡಿ. ಪದೇ ಪದೇ ಕಾರ್ಡ್ ಬದಲಿಸೋರು ಹೆಸರಿನ ಬದಲು ಮ್ಯಾಕ್ ಅಡ್ರೆಸ್ ಮೇಲೆ ಹೊಂದಿಸೋ ಹಾಗೆ ಬರೀಬಹುದು. ಮತ್ತೆ ನೆಟ್‌ಪ್ಲಾನ್ ಬದಲಿಸಿದವರು ಅಪ್ಲೈ ಬದಲು "ನೆಟ್‌ಪ್ಲಾನ್ ಟ್ರೈ" ಅನ್ನಿ, 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತಿ ಒಪ್ಪದಿದ್ರೆ ಹಳೇದಕ್ಕೆ ತಾನೇ ವಾಪಸ್ ಹೋಗ್ತದೆ, ಯಲ್ಲಾಪುರದಲ್ಲಿ ಕೂತು ಕಾರವಾರದ ಸರ್ವರ್ ಮುಟ್ಟೋರಿಗೆ ಇದು ಬಸ್ ಚಾರ್ಜ್ ಉಳಿಸ್ತದೆ.

ವೈಫೈ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ, ಚಾ ಬಂದಿದೆ. ಕಾರ್ಡೇ ಕಾಣ್ತಿಲ್ಲ ಅಂದ್ರೆ "ಡಿಎಂಇಎಸ್‌ಜಿ"ಯಲ್ಲಿ ಫರ್ಮ್‌ವೇರ್ ಅನ್ನೋ ಶಬ್ದ ಹುಡುಕಿ, ಕಾರ್ಡು ಏಳೋಕೆ ಅದರೊಳಗೆ ತುಂಬಬೇಕಾದ ಸಾಫ್ಟ್‌ವೇರ್ ಅದು, ಇಂಥ ಫೈಲ್ ಸಿಗ್ಲಿಲ್ಲ ಅಂತ ಹೆಸರು ಸಮೇತ ಬರೆದಿರ್ತದೆ. ಡೆಬಿಯನ್ ಅನ್ನೋ ಲಿನಕ್ಸಿನ 12ನೇ ಆವೃತ್ತಿಯಿಂದ, ಅಂದ್ರೆ 2023ರಿಂದ, ಇನ್‌ಸ್ಟಾಲ್ ಮಾಡೋ ಇಮೇಜಲ್ಲೇ ಈ ಫರ್ಮ್‌ವೇರ್ ಸೇರಿಸಿದ್ದಾರೆ, ಹಳೇ ಪೆನ್‌ಡ್ರೈವ್ ಇಟ್ಕೊಂಡು ಹಾಕೋರಿಗೆ ಮಾತ್ರ ಈ ಪಾಡು. ನೆಟ್ ಇಲ್ಲದೆ ಫರ್ಮ್‌ವೇರ್ ತರೂದು ಹೇಗೆ ಅಂದ್ರೆ ಮೊಬೈಲನ್ನ ಯುಎಸ್‌ಬಿ ಕೇಬಲಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಲಿನಕ್ಸ್ ಅದನ್ನ ವಯರಿನ ಲ್ಯಾನ್ ಅಂತಲೇ ತಿಳ್ಕೊಳ್ತದೆ. ಕಾರ್ಡ್ ಇದೆ ಆದ್ರೆ ವೈಫೈ ಆನ್ ಆಗೂದಿಲ್ಲ ಅಂದ್ರೆ "ಆರ್‌ಎಫ್‌ಕಿಲ್ ಲಿಸ್ಟ್". ಸಾಫ್ಟ್ ಬ್ಲಾಕ್ ಅಂದ್ರೆ ಕಮಾಂಡಲ್ಲಿ ಬಿಡಿಸಬಹುದು, ಹಾರ್ಡ್ ಬ್ಲಾಕ್ ಅಂದ್ರೆ ಲ್ಯಾಪ್‌ಟಾಪಿನ ಅಂಚಲ್ಲಿ ಎಲ್ಲೋ ಸ್ವಿಚ್ಚೋ ಕೀಯೋ ಇದೆ, ಬೆರಳಲ್ಲೇ ಹುಡುಕಬೇಕು. ಕೆಲವು ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿದ್ರೆ ಸಿಡಿ ಹಾಕಿದ ಹಾಗೆ ಡಿಸ್ಕ್ ಒಂದು ಕಾಣ್ತದೆ, ವಿಂಡೋಸಿನ ಡ್ರೈವರ್ ಅದರೊಳಗೆ ಇಟ್ಟಿರ್ತಾರೆ. ಆ ಡಿಸ್ಕನ್ನ ಇಜೆಕ್ಟ್ ಮಾಡಿ, ಆಮೇಲೆ ಅದು ವೈಫೈ ಆಗಿ ಎದ್ದು ಬರ್ತದೆ. ಚಿರೆಕಲ್ಲಿನ ದಪ್ಪ ಗೋಡೆಯ ಮನೆಯವರು 5 ಗಿಗಾಹರ್ಟ್ಸ್ ಒಳಕೋಣೆಗೆ ಬರ್ಲಿ ಅಂತ ಕಾಯಬೇಡಿ, 2.4ಕ್ಕೆ ಸೇರಿ, ಅಥವಾ ವಯರ್ ಎಳೀರಿ, ನನ್ನ ವೋಟು ವಯರಿಗೇ.

ಇನ್ನೆರಡು ಇವೆ, ಎಲ್ಲಾ ಮೆಟ್ಟಿಲೂ ಸರಿ ಇದ್ದು ಆದ್ರೂ ಕಾಡೋವು. ಒಂದು, ಕೆಲವು ಸೈಟ್ ಮಾತ್ರ ತೆರೀತವೆ, ಕೆಲವು ತಿರುಗ್ತಾ ನಿಲ್ತವೆ. ಪಿಪಿಪಿಓಇ, ಅಂದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಸೇರೋ ಕ್ರಮ, ಇರೋ ಫೈಬರಿನಲ್ಲಿ ಡೇಟಾ ಹೋಗೋ ಒಂದು ಪೊಟ್ಟಣದ ಗಾತ್ರ ಸಾಮಾನ್ಯವಾಗಿ 1500 ಬೈಟ್ ಬದಲು 1492, ಅದರ ತಲೆಪಟ್ಟಿಗೆ 8 ಹೋಗ್ತದೆ. ದೊಡ್ಡ ಪೊಟ್ಟಣ ದಾಟದೆ, ದಾಟ್ಲಿಲ್ಲ ಅನ್ನೋ ಸುದ್ದಿಯೂ ವಾಪಸ್ ಬರದೆ ಹೋದ್ರೆ ಹೀಗೆ. "ಪಿಂಗ್ -ಎಂ ಡು -ಎಸ್ 1464 1.1.1.1" ಅಂತ ಕಳ್ಸಿ ನೋಡಿ, ಇಲ್ಲಿ ಎಂ ಮಾತ್ರ ದೊಡ್ಡಕ್ಷರ, ಡು ಅಂದ್ರೆ ಡಿ, ಓ. ಪಿಂಗಿನ ತಲೆಪಟ್ಟಿಗಳ 28 ಸೇರಿ 1492 ಆಗ್ತದೆ. ಇದು ಹೋಗಿ 1472 ಹೋಗದಿದ್ರೆ ಲೈನಿನ ಗಾತ್ರ ಸಣ್ಣದು ಅಂತ ಖಾತ್ರಿ, ಅದಕ್ಕೆ ರೌಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪೊಟ್ಟಣದ ಗಾತ್ರ ತಗ್ಗಿಸೋ ಸೆಟ್ಟಿಂಗ್) ಆನ್ ಮಾಡಿ, ಅದು ಸಿಗದಿದ್ರೆ ಕಂಪ್ಯೂಟರಿನ ಕನೆಕ್ಷನ್ನಿನಲ್ಲಿ ಎಂಟಿಯು, ಅಂದ್ರೆ ಪೊಟ್ಟಣದ ಗರಿಷ್ಠ ಗಾತ್ರ, 1492 ಹಾಕಿ. ಎರಡನೇದು ಹಳೇ ಆಫೀಸ್ ಪಿಸಿಗಳದ್ದು. ಪಿಂಗ್ ಹೋಗ್ತದೆ, ಬ್ರೌಸರ್ ಮಾತ್ರ ಪ್ರತಿ ಸೈಟಿಗೂ ಸುರಕ್ಷಿತ ಅಲ್ಲ ಅಂತ ಹಟ. "ಡೇಟ್" ಅಂತ ಹೊಡೀರಿ. ಇಸವಿಯೇ ಹಿಂದಿರ್ತದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಹೋಗೋ ಆಫೀಸಲ್ಲಿ ಬೆಳಿಗ್ಗೆಗೆ ಗಡಿಯಾರ ಹಿಂದೆ ಓಡಿರ್ತದೆ, ಸೈಟಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ಲೆಕ್ಕ. ಕ್ಯಾಲ್ಕುಲೇಟರ್ ಮಾರೋ ಅಂಗಡಿಯಲ್ಲೂ ಆ ಬ್ಯಾಟರಿ ಸಿಗ್ತದೆ.

ಕೊನೆಗೆ ಹಿಂದಿನಿಂದ ಒಬ್ರು ಹಿರಿಯರು, ನಿವೃತ್ತ ಮಾಸ್ತರರು, ನೇರ ಕೇಳಿದ್ರು, "ಅಲ್ಲ ತಮಾ, ಇಷ್ಟೆಲ್ಲ ಯಾಕೆ, ಲಿನಕ್ಸ್ ತೆಗ್ದು ವಿಂಡೋಸ್ ಹಾಕಿದ್ರೆ ಸರಿ ಆಗ್ತದಾ ಇಲ್ವಾ?" ಮಾಸ್ತರ್ರೆ, ಹಾಕೋ ಮೊದಲೇ ಗೊತ್ತು ಮಾಡ್ಕೊಳ್ಬಹುದು. ಯಾವುದಾದ್ರೂ ಹೊಸ ಲಿನಕ್ಸಿನ ಲೈವ್ ಪೆನ್‌ಡ್ರೈವ್ ಮಾಡಿ ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತಬೇಡಿ, ಬರೇ ಟ್ರೈ. ಅಲ್ಲಿ ನೆಟ್ ಬಂತಾ, ನಿಮ್ಮ ಕಾರ್ಡೂ ಕೇಬಲ್ಲೂ ಲೈನೂ ಸರಿ ಇದೆ, ತಪ್ಪಿರೂದು ನಿಮ್ಮ ಡಿಸ್ಕಿನೊಳಗಿನ ಸೆಟ್ಟಿಂಗಲ್ಲಿ. ಅಲ್ಲೂ ಬರ್ಲಿಲ್ಲ ಅಂದ್ರೆ ಕೇಬಲ್, ಪೋರ್ಟ್, ರೌಟರ್, ಅಥವಾ ಆ ಕಾರ್ಡಿನ ಡ್ರೈವರ್ ಮೇಲೆ ಅನುಮಾನ ಇಡಿ. ಡ್ರೈವರ್ ಒಂದು ಬಿಟ್ರೆ ಉಳಿದದ್ದಕ್ಕೆಲ್ಲ ವಿಂಡೋಸ್ ಹಾಕಿದ್ರೂ ಅದೇ ಗತಿ. ಎರಡೂ ಓಎಸ್ ಒಂದೇ ಮಷೀನಲ್ಲಿ ಇಟ್ಕೊಂಡವರು ಮಾತ್ರ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ, ಕೆಲವು ಲ್ಯಾನ್ ಕಾರ್ಡುಗಳನ್ನ ಅದು ಅರೆನಿದ್ದೆಯಲ್ಲಿ ಬಿಟ್ಟು ಹೋಗ್ತದೆ, ಆಮೇಲೆ ಲಿನಕ್ಸಿಗೆ ಬಂದಾಗ ಏಳೂದಿಲ್ಲ. ಮಾಸ್ತರರು ಪೆನ್‌ಡ್ರೈವ್ ತಂದಿದ್ರು, 16 ಜಿಬಿಯದ್ದು. ಊಟ ಆದ ಮೇಲೆ ಅದಕ್ಕೇ ಬರ್ದು ಕೊಟ್ಟದ್ದಾಯ್ತು.